ತಣ್ಣಗಿನ ಜೆಲ್

ಭುಜದ ಹಿಂಬದಿಗೆ ಜೆಲ್ ಬಿತ್ತು. ತಣ್ಣಗೆ, ಆಗತಾನೇ ಬಾವಿಯ ತಳದಿಂದ ಎತ್ತಿ ತಂದ ಹಾಗೆ. ನಾನು ಬೆಚ್ಚಿದೆ. ಮಂಚಕ್ಕೆ ಹಾಸಿದ್ದ ಕಾಗದ ನನ್ನ ಕೆಳಗೆ ಸರಪರ ಎಂದಿತು.

"ತಣ್ಣಗ ಐತಲ್ರೀ ಯಜಮಾನ್ರ? ಸ್ವಲ್ಪ ತಡಕೊಳ್ರಿ," ಎಂದರು ಡಾಕ್ಟರು. ನನ್ನ ಕಿರಿಮಗನಿಗಿಂತ ಚಿಕ್ಕವರು.

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನನ್ನ ಬಲಗೈ ತಲೆಗೆ ಎಣ್ಣೆ ಹಚ್ಚಿಕೊಳ್ಳುವಷ್ಟೂ ಮೇಲೇಳುತ್ತಿರಲಿಲ್ಲ. ಭುಜದ ಕೀಲಿನೊಳಗೆ ಔಷಧ ಬಿಟ್ಟು ಎಂಆರ್‌ಐ ತೆಗೆಸಿಕೊಂಡು ಬನ್ನಿ ಎಂದು ಎಲುಬಿನ ಡಾಕ್ಟರು ಬರೆದುಕೊಟ್ಟಿದ್ದರು. ಅದಕ್ಕೆ ಬಳ್ಳಾರಿಯ ಈ ಹೊಸ ಸ್ಕ್ಯಾನಿಂಗ್ ಸೆಂಟರಿಗೆ ಬಂದು, ಅಂಗಿ ತೆಗೆದು, ಎಡಮಗ್ಗುಲಾಗಿ ಮಲಗಿದ್ದೆ. ಹಳೆಯ ಅಭ್ಯಾಸ, ಬಾಯಿ ಸುಮ್ಮನಿರಲಿಲ್ಲ.

"ಬಾಟಲಿ ಬಿಸಿನೀರಾಗ ಇಟ್ರ ಬೆಚ್ಚಗ ಆಗ್ತಿತ್ತಲ್ರೀ ಸಾರ್."

"ಏ, ಬ್ಯಾಡ್ರೀ! ಅದೊಂದು ಮಾಡಂಗಿಲ್ಲ. ನಮಗ ಕಲಿಸಿದ ಮೇಡಂ ಆಣಿ ಮಾಡಿಸಿದ್ರು. ಜೆಲ್ ಬೆಚ್ಚಗ ಮಾಡಾಕ ಹೋಗಿ ಒಬ್ಬನ ಕೈ ಹಾಳಾತಂತ. ಅವರೂ ಮೊದಲು ಇಲ್ಲೇ ಬಳ್ಳಾರಿಯಾಗ ಇದ್ರಂತ್ರಿ."

ಅವರು ಮಾತಾಡುತ್ತ ಸ್ಕ್ಯಾನಿನ ಪ್ರೋಬನ್ನು ನನ್ನ ಭುಜದ ಮೇಲೆ ಆಡಿಸುತ್ತಿದ್ದರು. ನನ್ನ ಕಿವಿಗೆ ಮುಂದಿನದೇನೂ ಬೀಳಲಿಲ್ಲ. ಜೆಲ್ ಬೆಚ್ಚಗೆ ಮಾಡುತ್ತಿದ್ದ ಮೇಡಂ ಬಳ್ಳಾರಿಯಲ್ಲಿ ಎಷ್ಟು ಜನ ಇದ್ದಾರು... ನನಗೆ ಗೊತ್ತಿದ್ದವರು ಒಬ್ಬರೇ.

ಅವರು ನಾನು ಕೆಲಸಕ್ಕಿದ್ದ ಸೆಂಟರಿಗೆ ಬಂದಾಗ ನಾನು ಅಲ್ಲಿಗೆ ಹಳಬನಾಗಿದ್ದೆ. ಹತ್ತನೇ ತರಗತಿ ಪಾಸಾಗಿ ಎಕ್ಸ್‌ರೇ ಫಿಲಂ ತೊಳೆಯುವ ಕತ್ತಲೆ ಕೋಣೆಗೆ ಸೇರಿದವನು. ಕಂಪ್ಯೂಟರ್ ಬಂದು ಕತ್ತಲೆ ಕೋಣೆ ಬೇಡವಾದ ಮೇಲೆ ಅಟೆಂಡರ್ ಆಗಿ ಉಳಿದುಕೊಂಡೆ. ಸತ್ಯನಾರಾಯಣಪೇಟೆಯ ನನ್ನ ಮನೆಯಿಂದ ನಡೆದೇ ಹೋಗುತ್ತಿದ್ದೆ. ರೋಗಿಗಳನ್ನು ಒಳಗೆ ಕರೆಯುವುದು, ಬಟ್ಟೆ ಬಿಚ್ಚಿಸುವುದು, ಮಲಗಿಸುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು ನನ್ನ ಕೆಲಸ.

ಮೇಡಂ ಮೈಸೂರು ಕಡೆಯವರು. ನಮ್ಮ ಕಡೆ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು. ಸಿರುಗುಪ್ಪದ ಕಡೆಯವರು ನಡುನಡುವೆ ತೆಲುಗು ಬೆರೆಸಿದರೆ ಆ ಅರ್ಧವೂ ಕೈಬಿಡುತ್ತಿತ್ತು. ಆಗ ನನ್ನ ಮುಖ ನೋಡುತ್ತಿದ್ದರು. "ಅಣ್ಣ, ಏನಂತೆ?"

ನಾನು ನಡುವೆ ನಿಂತು ಎರಡೂ ಕಡೆಯ ಮಾತಿನ ಮೊನೆ ಮುರಿದು ದಾಟಿಸುತ್ತಿದ್ದೆ. ಒಮ್ಮೆ ಕುರುಗೋಡಿನ ಅಜ್ಜಿಯೊಬ್ಬಳು ಸೂಜಿ ನೋಡಿ, "ಇದೇನಬೇ, ಎಮ್ಮಿಗಿ ಚುಚ್ಚೋದು ತಂದೀಯೇನ? ನಿನ್ನ ಕೈ ಸೇದಿಹೋಗ್ಲಿ!" ಎಂದಳು. ಮೇಡಂ ಕೇಳಿದರು, ಏನಂತೆ? ನಾನು ಹೇಳಿದೆ, "ದೇವರು ನಿಮಗ ಚಲೋ ಮಾಡ್ಲಿ ಅಂತಾಳ್ರಿ." ಮೇಡಂ ಅಜ್ಜಿಗೆ ಕೈಮುಗಿದರು. ಅಜ್ಜಿ ಕಕ್ಕಾಬಿಕ್ಕಿಯಾಗಿ ತಾನೂ ಮುಗಿದಳು. ಆ ದಿನವೆಲ್ಲ ನಾವು ಕೆಲಸದವರು ನಕ್ಕಿದ್ದೇ ನಕ್ಕಿದ್ದು. ಹಾಗೆ ಮಾತನ್ನು ಮೆತ್ತಗೆ ಮಾಡುವುದು ನನ್ನ ಜಾಣತನ ಎಂದುಕೊಂಡಿದ್ದೆ. ಎಲ್ಲರೂ ಹಾಗೇ ಹೇಳುತ್ತಿದ್ದರು.

ಮೇಡಂಗೆ ತಮ್ಮದೇ ಆದ ಒಂದು ಅಭ್ಯಾಸ ಇತ್ತು. ಬೆಳಿಗ್ಗೆ ಬಂದ ಕೂಡಲೇ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು ತರಿಸಿ, ಅದರಲ್ಲಿ ಜೆಲ್ ಬಾಟಲಿ ನಿಲ್ಲಿಸುತ್ತಿದ್ದರು. ನೀರು ಆರಿದರೆ ಬದಲಿಸಬೇಕು. "ಮೊದಲೇ ಹೆದರಿ ಬಂದಿರ್ತಾರೆ ಅಣ್ಣ. ಮೈಮೇಲೆ ಮಂಜುಗಡ್ಡೆ ಸುರಿದ ಹಾಗೆ ಯಾಕೆ ಆಗ್ಬೇಕು?" ಎನ್ನುತ್ತಿದ್ದರು. ನಮ್ಮ ಸೆಂಟರಿನಲ್ಲಿ ಜೆಲ್ ಬಿದ್ದಾಗ ಯಾರೂ ಬೆಚ್ಚುತ್ತಿರಲಿಲ್ಲ. ಒಬ್ಬ ಗರ್ಭಿಣಿ, "ಎಣ್ಣಿ ಹಚ್ಚಿ ತಿಕ್ಕಿದಂಗ ಆಗ್ತೈತಿ," ಎಂದು ಅಲ್ಲೇ ನಿದ್ದೆ ಹೋಗಿದ್ದುಂಟು.

ಭುಜದ ಸೂಜಿಯನ್ನು ನಮ್ಮ ಸೆಂಟರಿನಲ್ಲಿ ಮೊದಲು ಹಾಕಿದವರೂ ಅವರೇ. ಭುಜ ಪದೇಪದೇ ಜಾರುವವರಿಗೆ ಒಳಗಿನ ಅಂಚು ಎಲ್ಲಿ ಹರಿದಿದೆ ಎಂದು ಬರೀ ಎಂಆರ್‌ಐನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಉದ್ದ ಸೂಜಿಯಿಂದ ಕೀಲಿನೊಳಗೆ ನೀರಿನಂಥ ಔಷಧ ಬಿಡಬೇಕು, ಬಿಟ್ಟ ಮೇಲೆ ತಡಮಾಡದೆ ಎಂಆರ್‌ಐಗೆ ಒಯ್ಯಬೇಕು. ನನಗೆ ಅವರು ತಿಳಿಸಿದ್ದು ಹೀಗೆ: "ಕೊಡ ಎಲ್ಲಿ ಸೀಳಿದೆ ಅಂತ ಖಾಲಿ ಇದ್ದಾಗ ಗೊತ್ತಾಗುತ್ತಾ? ನೀರು ತುಂಬಿದ್ರೆ ತಾನೇ ತೋರಿಸುತ್ತೆ."

ಪರದೆಯ ಮೇಲೆ ತೋಳಿನ ಎಲುಬಿನ ಗುಂಡುತಲೆ ಬೆಳ್ಳಗೆ ಕಮಾನಾಗಿ ಕಾಣುತ್ತಿತ್ತು. "ನೋಡಿ ಅಣ್ಣ, ನಿಮ್ಮೂರ ಗುಡ್ಡ," ಎಂದು ತೋರಿಸಿದ್ದರು. ಆ ಗುಡ್ಡದ ಮಗ್ಗುಲಲ್ಲಿ ಸಣ್ಣ ಸಂದಿ. ಸೂಜಿ ಒಂದು ಬಿಳಿ ಗೆರೆಯಾಗಿ ಓರೆಯಾಗಿ ಇಳಿದು ಬಂದು ಆ ಸಂದಿಯ ಬಾಯಲ್ಲಿ ನಿಲ್ಲುತ್ತಿತ್ತು. ಅವರು ಉಸಿರು ಹಿಡಿಯುತ್ತಿದ್ದರು, ಅವರ ಜೊತೆ ನಾನೂ. ಔಷಧ ಸಲೀಸಾಗಿ ಒಳಗೆ ಹರಿದರೆ ಸೂಜಿ ಸರಿಯಾದ ಕಡೆ ಇದೆ ಎಂದರ್ಥ. ಆಗ ಅವರ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ನಗು ಬರುತ್ತಿತ್ತು. ಪ್ರತಿ ಸಲವೂ ಬರುತ್ತಿತ್ತು... ಆ ನಗುವನ್ನು ಕಳೆದವನು ನಾನು.

ನಮ್ಮ ಕಡೆ ಭುಜ ಜಾರಿದರೆ, ಕೈ ಮುರಿದರೆ, ಮೊದಲು ಹೋಗುವುದು ಪಟ್ಟು ಕಟ್ಟುವವರ ಹತ್ತಿರ. ಮೊಟ್ಟೆಯ ಬಿಳಿಲೋಳೆ, ಅರೆದ ಸೊಪ್ಪು, ಬಿದಿರ ಸೀಳು, ಮೇಲೆ ಬಿಗಿಯಾಗಿ ಬಟ್ಟೆ. ಒಣಗಿದರೆ ಕಲ್ಲು. ಅದು ವಾಸಿಯಾಗದೆ ಇದ್ದಾಗ ಡಾಕ್ಟರ ಹತ್ತಿರ ಬರುತ್ತಾರೆ, ಪಟ್ಟು ಮೈಮೇಲೆ ಇದ್ದ ಹಾಗೇ. ಅದರ ಕೆಳಗೆ ಚರ್ಮ ಬೆಂದು ಕೆಲವರಿಗೆ ಬೊಕ್ಕೆ ಎದ್ದಿರುತ್ತದೆ. ಮೇಡಂ ಅಂಥವರಿಗೆ ಸೂಜಿ ಹಾಕುತ್ತಿರಲಿಲ್ಲ. ಚರ್ಮದ ಮೇಲಿನ ಕೊಳೆ ಸೂಜಿಯ ಜೊತೆ ಕೀಲಿನೊಳಗೆ ಇಳಿದರೆ ಕೀಲೇ ಕೊಳೆಯುತ್ತದೆ ಎಂದು ನನಗೆ ಹತ್ತಾರು ಸಲ ಹೇಳಿದ್ದರು. "ಗಾಯ ಒಣಗಲಿ, ಆಮೇಲೆ ಬನ್ನಿ," ಎಂದು ವಾಪಸ್ ಕಳಿಸುತ್ತಿದ್ದರು. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಇಲ್ಲ. ಆದರೆ ದೂರದಿಂದ ಬಂದವರಿಗೆ ಹಾಗೆ ಮರಳುವುದು ದೊಡ್ಡ ಅವಮಾನ. ಪಟ್ಟು ಕಟ್ಟಿಸಿದ್ದಕ್ಕೆ ಬೈಸಿಕೊಂಡೆವು ಎಂದೇ ಅವರ ಲೆಕ್ಕ. ಹೀಗಾಗಿ ಬಾಗಿಲ ಹೊರಗೇ ನನ್ನ ಕೈ ಹಿಡಿಯುತ್ತಿದ್ದರು, ಮೇಡಂಗೆ ಗೊತ್ತಾಗದ ಹಾಗೆ ಬಿಚ್ಚಿಕೊಡಿ ಎಂದು. ಚರ್ಮ ಸ್ವಚ್ಛ ಇದ್ದವರಿಗೆ ನಾನು ಬಿಚ್ಚಿಕೊಟ್ಟದ್ದೂ ಇತ್ತು.

ಅವತ್ತು ಬಂದವನು ಬಾದನಹಟ್ಟಿಯ ಹುಡುಗ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲಿ. ಗಟ್ಟಿಮುಟ್ಟಾಗಿದ್ದ, ಆದರೆ ಚೀಲ ಬೆನ್ನಿಗೆ ತಗೊಳ್ಳುವಾಗ ಬಲಭುಜ ಪಟಕ್ಕನೆ ಜಾರುತ್ತಿತ್ತು. ಆಪರೇಶನ್ ಮಾಡಿದರೆ ಮತ್ತೆ ಚೀಲ ಹೊರಬಹುದು, ಅದಕ್ಕೆ ಮೊದಲು ಈ ಪರೀಕ್ಷೆ ಆಗಬೇಕು ಎಂದು ಎಲುಬಿನ ಡಾಕ್ಟರು ಹೇಳಿದ್ದರು. ಜೊತೆಗೆ ಅವನ ಅಕ್ಕ ಬಂದಿದ್ದಳು, ಸಿರುಗುಪ್ಪಕ್ಕೆ ಕೊಟ್ಟವಳು. ಪಟ್ಟು ಕಟ್ಟಿಸಿದವಳೂ ಅವಳೇ.

"ಅಣ್ಣಾರ, ಇದನ್ನ ಬಿಚ್ಚಿಕೊಡ್ರಿ. ಡಾಕ್ಟರಮ್ಮ ನೋಡಿದ್ರ ಹೊಳ್ಳಿ ಕಳಸ್ತಾರಂತ. ನಾಳಿ ಆಪರೇಶನ್ ಡಾಕ್ಟರು ಬರ್ತಾರ, ಫಿಲಂ ತೋರಿಸ್ಬೇಕು. ಮಿಲ್ಲಿನ್ಯಾಗ ಇವನ ಜಾಗಕ್ಕ ಬ್ಯಾರೆಯವ್ರನ್ನ ಹಾಕೊಳ್ಳಾಕ ಕುಂತಾರ."

"ಅಕ್ಕಾ, ನೀನು ಸುಮ್ನಿರು. ಅಣ್ಣಾರಿಗೆ ನಮ್ಮ ಪಟ್ಟಿನ ವಾಸನಿ ಕುಡದು ತಲಿ ತಿರಗಾಕ ಹತ್ತೈತಿ," ಎಂದು ಹುಡುಗ ನಕ್ಕ.

ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋಗಿ, ಮೇಡಂ ಪಾತ್ರೆಯಿಂದ ಚೆಲ್ಲಬೇಕಿದ್ದ ಬೆಚ್ಚನೆಯ ನೀರನ್ನೇ ಹೊಯ್ದು ಪಟ್ಟು ನೆನೆಸಿ ಬಿಚ್ಚಿದೆ. ಭುಜದ ಹಿಂದೆ, ಸರಿಯಾಗಿ ಸೂಜಿ ಇಳಿಯುವ ಕಡೆ, ಎರಡು ಬೊಕ್ಕೆ ಇದ್ದವು. ಒಂದರ ತಲೆ ಬೆಳ್ಳಗಾಗಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನನಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಇವತ್ತು ಹೇಳಿದರೆ ಅದು ಇನ್ನೊಂದು ಸುಳ್ಳು. ಅಕ್ಕ ಬಾಗಿಲಲ್ಲಿ ಕೈಜೋಡಿಸಿ ನಿಂತಿದ್ದಳು. ಇಷ್ಟು ದಿನ ಎಲ್ಲವನ್ನೂ ಸಲೀಸು ಮಾಡಿದವನಿಗೆ ಇದೊಂದು ಆಗದೇ ಎಂಬ ಸೊಕ್ಕು ನನಗೆ. ಬೊಕ್ಕೆ ಹಿಸುಕಿ, ಸ್ಪಿರಿಟ್ ಒತ್ತಿದೆ. ಹುಡುಗ "ಎವ್ವಾ" ಎಂದು ಹಲ್ಲು ಕಚ್ಚಿದ. ಸ್ಪಿರಿಟ್ ತಾಗಿದರೆ ಎಲ್ಲ ಸಾಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮಂಚದ ಮೇಲೆ ಮಲಗಿಸಿ, ಮೇಡಂ ಬರುವ ಮೊದಲೇ ಭುಜದ ತುಂಬ ಕಂದು ಅಯೋಡಿನ್ ಔಷಧ ಹಚ್ಚಿದೆ. ಕೆಂಪು ಕಾಣದಷ್ಟು ದಪ್ಪಗೆ, ಎರಡು ಕೈ.

ಪ್ರತಿ ಸಲ ಔಷಧ ಹಚ್ಚುವ ಮೊದಲು ಅವರು ತಾವೇ ಚರ್ಮ ನೋಡುತ್ತಿದ್ದರು. ಅವತ್ತು ಬೇರೆ ಕೋಣೆಯಲ್ಲಿ ಹೊಟ್ಟೆನೋವಿನ ಒಂದು ಅರ್ಜೆಂಟ್ ಸ್ಕ್ಯಾನ್ ಮುಗಿಸಿ ಓಡುತ್ತ ಬಂದರು.

"ಆಗ್ಲೇ ಹಚ್ಚಿಬಿಟ್ರಾ ಅಣ್ಣ? ಚರ್ಮ ನೋಡಿದ್ರಿ ತಾನೇ? ಗಾಯ ಗೀಯ ಏನೂ ಇಲ್ವಲ್ಲ?"

"ಏನಿಲ್ರಿ ಮೇಡಂ. ಸಾಫ್ ಐತಿ."

ಅವರು ನನ್ನ ಮುಖ ನೋಡಿದರು. ಅನುಮಾನದಿಂದ ಅಲ್ಲ, ನಂಬಿಕೆಯಿಂದ. "ಸರಿ ಹಾಗಾದ್ರೆ," ಎಂದು ಕೈ ತೊಳೆಯಲು ಹೋದರು. ಗ್ಲೌಸ್ ಹಾಕಿಕೊಂಡು ತಾವೂ ಮತ್ತೊಮ್ಮೆ ಔಷಧ ಹಚ್ಚಿ, ನಡುವೆ ತೂತಿದ್ದ ಹಸಿರು ಬಟ್ಟೆ ಹೊದಿಸಿದರು. ಪರದೆಯ ಮೇಲೆ ಗುಡ್ಡ ಮೂಡಿತು. ಸೂಜಿ ಇಳಿಯಿತು. ಅದು ಚುಚ್ಚಿಕೊಂಡ ಜಾಗ ನನಗೆ ಕಾಣುತ್ತಿತ್ತು. ಬೊಕ್ಕೆಯ ಅಂಚಿಗೇ. "ಮೇಡಂ" ಎನ್ನಲು ಬಾಯಿ ತೆರೆದೆ. ಆಗ ಅವರು ಉಸಿರು ಹಿಡಿದಿದ್ದರು. ನಾನೂ ಹಿಡಿದೆ...

ಔಷಧ ಸಲೀಸಾಗಿ ಹರಿಯಿತು. ಅವರು ನಕ್ಕರು. ಆ ನಗು ನೋಡಿದ್ದು ಅದೇ ಕೊನೆ.

ಸ್ವಲ್ಪ ದಿನಗಳ ಮೇಲೆ ಅಕ್ಕ ತಮ್ಮನನ್ನು ಆಟೋದಿಂದ ಇಳಿಸಿಕೊಂಡು ಬಂದಳು. ಹುಡುಗನ ಮುಖ ಬಾಡಿ ಸಣ್ಣಗಾಗಿತ್ತು. ಭುಜ ಊದಿ ಹೊಳೆಯುತ್ತಿತ್ತು. ಅಂಗಿ ತೆಗೆಸಲು ಮುಟ್ಟಿದೆ. ರೊಟ್ಟಿಯ ಹಂಚು ಮುಟ್ಟಿದ ಹಾಗೆ ಕೈ ಹಿಂದೆಗೆದೆ. ಮೇಡಂ ಪ್ರೋಬ್ ಇಟ್ಟು ನೋಡಿದರು. ಸೂಜಿ ಹಾಕಿ ಹಿಂದಕ್ಕೆ ಎಳೆದರು. ಸಿರಿಂಜಿನಲ್ಲಿ ತಿಳಿನೀರು ಬರಲಿಲ್ಲ. ಹಳದಿಯಾಗಿ, ಗಟ್ಟಿಯಾಗಿ, ಜೋಳದ ಗಂಜಿಯ ಹಾಗೆ ಏರಿ ಬಂತು.

ನಾನು ಗೋಡೆಗೆ ಒರಗಿದೆ. ಮೇಡಂ ಸಿರಿಂಜನ್ನು ಟ್ರೇಯಲ್ಲಿಟ್ಟರು.

ಅವರು ಅಕ್ಕನ ಕಡೆ ತಿರುಗಿದರು. "ಕೀಲಿನಲ್ಲಿ ಕೀವು ಆಗಿದೆಯಮ್ಮ. ಈಗಲೇ ಆಪರೇಶನ್ ಮಾಡಿ ತೊಳೀಬೇಕು. ಸೂಜಿ ಹಾಕಿದ್ದು ನಾನು. ಇದು ನನ್ನಿಂದ ಆಗಿರೋದು." ಆಮೇಲೆ ನನಗೆ, "ಅವರಿಗೆ ಅರ್ಥ ಆಗೋ ಹಾಗೆ ಹೇಳಿ ಅಣ್ಣ. ಮೆತ್ತಗೆ ಮಾಡ್ಬೇಡಿ. ಇದ್ದದ್ದು ಇದ್ದ ಹಾಗೇ ಹೇಳಿ."

ಹಾಗಾದರೆ ನಾನು ಮೆತ್ತಗೆ ಮಾಡುವುದು ಅವರಿಗೆ ಗೊತ್ತಿತ್ತು. ಆದರೂ ಚರ್ಮದ ವಿಷಯದಲ್ಲಿ ನನ್ನನ್ನು ನಂಬಿದ್ದರು.

ನಾನು ಹೇಳಿದೆ. "ಸೂಜಿ ಹಾಕಿದ್ದು ತಾವಂತ. ಇದು ತಮ್ಮಿಂದ ಆದದ್ದಂತ." ಅಷ್ಟು ವರ್ಷಗಳ ಕೆಲಸದಲ್ಲಿ ಒಂದು ಮಾತನ್ನೂ ತಿರುಚದೆ ದಾಟಿಸಿದ್ದು ಅದೊಂದೇ ಸಲ. ಅದೇ ಎಲ್ಲಕ್ಕಿಂತ ದೊಡ್ಡ ಸುಳ್ಳಾಯಿತು.

ಅಕ್ಕ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹುಡುಗ ಮಲಗಿದಲ್ಲಿಂದಲೇ ಇಬ್ಬರನ್ನೂ ನೋಡಿದ. ಪಟ್ಟು ಕಟ್ಟಿಸಿದ್ದು ತಾನೆಂದು ಅವಳಿಗೆ ಭಯ, ನನಗೆ ನನ್ನ ಕೆಲಸದ ಭಯ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಕೋಣೆಯಲ್ಲಿದ್ದ ನಾಲ್ವರಲ್ಲಿ ನಿಜ ಗೊತ್ತಿಲ್ಲದವರು ಮೇಡಂ ಒಬ್ಬರೇ. ತಪ್ಪು ಹೊತ್ತವರೂ ಅವರೇ.

ದೊಡ್ಡಾಸ್ಪತ್ರೆಯಲ್ಲಿ ಕೀಲು ತೊಳೆದರು. ಜೀವ ಉಳಿಯಿತು. ಭುಜ ಉಳಿಯಲಿಲ್ಲ.

ಆಮೇಲಿನ ದಿನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮೇಡಂ ಊಟ ಬಿಟ್ಟು ಕೋಣೆಯಲ್ಲಿ ಒಬ್ಬರೇ ಕೂತು ಅವತ್ತು ಮಾಡಿದ್ದನ್ನು ಮೊದಲಿನಿಂದ ಮಾಡಿ ನೋಡುತ್ತಿದ್ದರು. ಕೈ ತೊಳೆಯುವುದು, ಗ್ಲೌಸ್ ಹಾಕುವುದು, ಪ್ರೋಬಿಗೆ ಚೀಲ ಏರಿಸುವುದು, ಬಟ್ಟೆ ಹೊದಿಸುವುದು. ಖಾಲಿ ಮಂಚದ ಮೇಲೆ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿದರು, "ಅಣ್ಣ, ನೀವು ನೋಡ್ತಾ ಇದ್ರಿ. ನನ್ನ ಕೈ ಎಲ್ಲಾದ್ರೂ ತಾಗಿತಾ? ಬೇಜಾರು ಆಗುತ್ತೆ ಅಂತ ಮುಚ್ಚಿಡ್ಬೇಡಿ."

"ಇಲ್ರಿ ಮೇಡಂ. ನಿಮ್ಮ ಕೈ ಚೊಕ್ಕ ಇತ್ರಿ."

ಅದು ನಿಜವೇ. ಆ ನಿಜ ಅವರನ್ನು ಇನ್ನೂ ಕತ್ತಲೆಗೆ ತಳ್ಳಿತು. ಕೈ ತಪ್ಪಿಲ್ಲ ಎಂದ ಮೇಲೆ ಬೇರೆಲ್ಲಿ? ಒಂದು ಬೆಳಿಗ್ಗೆ ನಾನು ಎಂದಿನಂತೆ ಪಾತ್ರೆಯಲ್ಲಿ ಬಿಸಿನೀರು ತಂದಿಟ್ಟೆ. ಅವರು ಆ ಪಾತ್ರೆಯನ್ನೇ ದಿಟ್ಟಿಸುತ್ತ ನಿಂತರು. ಆವಿ ಅವರ ಕನ್ನಡಕಕ್ಕೆ ಕಟ್ಟಿತು, ಒರೆಸಿಕೊಳ್ಳಲಿಲ್ಲ.

"ಬೆಚ್ಚಗಿದ್ರೆ ಕ್ರಿಮಿ ಬೆಳೆಯುತ್ತಲ್ವಾ..." ಎಂದರು. ನನಗಲ್ಲ, ತಮಗೇ.

ಬಾಟಲಿಗಳನ್ನು ಪರೀಕ್ಷೆಗೆ ಕಳಿಸಿದರು. ಏನೂ ಇಲ್ಲವೆಂದು ಉತ್ತರ ಬಂತು. ಆದರೆ ಅವತ್ತು ಬಳಸಿದ ಬಾಟಲಿ ಅದರಲ್ಲಿ ಇರಲಿಲ್ಲ; ಖಾಲಿಯಾಗಿತ್ತೆಂದು ನಾನೇ ಕಸಕ್ಕೆ ಹಾಕಿದ್ದೆ. "ಅದರಲ್ಲೇ ಇತ್ತೇನೋ," ಎಂದರು. ಪಾತ್ರೆಯ ನೀರನ್ನು ತಾವೇ ಒಯ್ದು ಮೋರಿಗೆ ಚೆಲ್ಲಿದರು. ಮತ್ತೆ ಅದನ್ನು ತರಿಸಲಿಲ್ಲ.

ಆಗಲಾದರೂ ಹೇಳಬಹುದಿತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಹೇಳಿಯೇ ತೀರುತ್ತೇನೆ ಎಂದು ಹೊರಡುತ್ತಿದ್ದೆ. ಬಾಗಿಲು ದಾಟಿ, "ಬನ್ನಿ ಅಣ್ಣ," ಎಂಬ ದನಿ ಕೇಳಿದ ಕೂಡಲೇ ಬಾಯಿ ಕಟ್ಟುತ್ತಿತ್ತು. ನನ್ನನ್ನು ಅಣ್ಣ ಎನ್ನುವುದನ್ನು ಅವರು ನಿಲ್ಲಿಸುತ್ತಾರೆ ಎಂಬುದಕ್ಕೇ ನಾನು ಹೆದರಿದ್ದು. ಕೆಲಸ ಹೋಗುವ ಭಯ ಆಮೇಲಿನದು.

ಭುಜದ ಸೂಜಿ ಹಾಕುವುದನ್ನು ಅವರು ಬಿಟ್ಟರು. ಸ್ವಲ್ಪ ತಿಂಗಳಿಗೆ ಸೆಂಟರನ್ನೇ ಬಿಟ್ಟರು. ಯಾವುದೋ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಾರಂತೆ ಎಂದು ಕೇಳಿದೆ. ಹೋಗುವ ದಿನ ನನ್ನ ಕೈಗೆ ಆ ಸ್ಟೀಲ್ ಪಾತ್ರೆ ಕೊಟ್ಟು, "ಮನೇಲಿ ಬಳಸ್ಕೊಳ್ಳಿ," ಎಂದರು. ಮನೆಯಲ್ಲಿ ಅದು ಅಟ್ಟದ ಮೇಲೆ ಬೋರಲು ಬಿದ್ದಿದೆ. ಅದರಲ್ಲಿ ನಾವು ಒಂದು ಹನಿ ನೀರನ್ನೂ ಕಾಯಿಸಲಿಲ್ಲ.

ವರ್ಷಗಳ ಮೇಲೆ ಬ್ರೂಸ್‌ಪೇಟೆಯಲ್ಲಿ ಮೆಣಸಿನಕಾಯಿ ತರಲು ಹೋದಾಗ ಯಾರೋ ಹಿಂದಿನಿಂದ ಕೂಗಿದರು, "ಅಣ್ಣಾರ! ಆರಾಮದೀರೇನ್ರಿ?" ಸಗಟು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಬಾದನಹಟ್ಟಿಯ ಆ ಹುಡುಗ ಕೂತಿದ್ದ. ಬಲಗೈ ಎದೆಗೆ ಅಂಟಿಕೊಂಡ ಹಾಗೆ ಮಡಚಿತ್ತು. ಬಂದುಹೋಗುವ ಚೀಲ ನೋಡಿಕೊಳ್ಳುವ ಕಾವಲಿನ ಕೆಲಸ. ಮಂದಿ ಹೊರುವ ಚೀಲವನ್ನು ನೋಡುವುದು.

ಚಹಾ ತರಿಸಿ ಎಡಗೈಯಿಂದಲೇ ಕೊಟ್ಟ. ನಾನು ಕಪ್ಪು ಹಿಡಿದು ನಿಂತೆ.

"ಅಣ್ಣಾರ, ಒಂದು ಮಾತು ಹೇಳ್ಲಿ? ನೀವು ಬಣ್ಣ ಭಾಳ ಚಂದ ಹಚ್ಚತೀರಿ. ಪೇಂಟರ್ ಆಗಬೇಕಿತ್ತು ನೀವು."

ನಗುತ್ತಲೇ ಹೇಳಿದ. ನಾನು ಕಪ್ಪು ಕೆಳಗಿಟ್ಟೆ. ಅವನು ಲಾರಿಯ ಕಡೆ ನೋಡುತ್ತ ಮುಂದುವರಿಸಿದ. "ಇರ್ಲಿ ಬಿಡ್ರಿ. ನಾವೂ ಕೈ ಮುಗದು ಕೇಳಿದ್ವಿ, ನೀವು ಮಾಡಿದ್ರಿ. ನನಗ ಅದಲ್ರೀ. ಡಾಕ್ಟರಮ್ಮ ದಿನಾ ದವಾಖಾನಿಗೆ ಬರ್ತಿದ್ರು. ಈ ಕೈ ಹಿಡಕೊಂಡು, ತಪ್ಪಾಯ್ತಪ್ಪಾ ಅಂತಿದ್ರು. ಅಕ್ಕನೂ ಸುಮ್ಕ, ನಾನೂ ಸುಮ್ಕ. ಅವರು ಹೋದ ಮ್ಯಾಲೆ ಅಕ್ಕ ಗ್ವಾಡಿಗೆ ತಲಿ ಬಡಕೊಂಡು ಅಳ್ತಿದ್ಲು. ನೀವಾದ್ರೂ ಹೇಳಿದ್ರೇನು ಅವರಿಗೆ?"

"ಹೇಳೀನಿ," ಎಂದೆ.

ಅಲ್ಲಿಯೂ ಸುಳ್ಳು! ಇಷ್ಟೆಲ್ಲ ಆದ ಮೇಲೆ, ಆ ಕೈ ಎದುರಿಗಿದ್ದಾಗ, ಅಷ್ಟು ಸಲೀಸಾಗಿ ನನ್ನ ಬಾಯಿಂದ ಸುಳ್ಳು ಬಂತು. ಅವನು ಎದೆತುಂಬ ಉಸಿರು ಬಿಟ್ಟು, "ಚಲೋ ಆತು ಬಿಡ್ರಿ, ನನ್ನ ಎದಿ ಮ್ಯಾಲಿನ ಚೀಲ ಇಳೀತು," ಎಂದ. ಮೆಣಸಿನಕಾಯಿ ತರದೆ ಮನೆಗೆ ಬಂದೆ.

"ಯಜಮಾನ್ರ, ಕೇಳಾಕ ಹತ್ತೀನಿ. ಎಲ್ಲಿ ಹೋದ್ರಿ?"

ಡಾಕ್ಟರು ಪ್ರೋಬ್ ತೆಗೆದು, ನನ್ನ ಮುಖದ ಕಡೆ ಬಗ್ಗಿದ್ದರು. "ಚರ್ಮದ ಮ್ಯಾಲೆ ಗಾಯ, ಬೊಕ್ಕಿ ಏನಾರ ಅದಾವೇನ್ರಿ ಅಂದೆ. ಪಟ್ಟು ಗಿಟ್ಟು ಕಟ್ಟಿಸಿದ್ರೇನು?"

"ಇಲ್ರಿ," ಎಂದೆ. ಅವತ್ತು ಮೇಡಂಗೆ ಹೇಳಿದ್ದೂ ಇದೇ ಮಾತು. "ನನ್ನ ಮಾತು ನಂಬಬ್ಯಾಡ್ರಿ ಸಾರ್. ನೀವೇ ನೋಡ್ರಿ."

ಅವರು ನಕ್ಕು, ಬೆಳಕು ಹತ್ತಿರ ಎಳೆದು ನೋಡಿದರು. ಏನೂ ಇರಲಿಲ್ಲ.

"ಸಾರ್, ಆ ಮೇಡಂ... ಅವರ ಫೋನ್ ನಂಬರ್ ಐತೇನ್ರಿ ನಿಮ್ಮ ಕಡೆ?"

"ಪರಿಚಯ ಏನ್ರಿ?"

"ಅವರ ಅಟೆಂಡರ್ ನಾನು."

ಅವರ ಕೈ ನಿಂತಿತು. "ಹೌದೇನ್ರಿ! ಅಣ್ಣ ಅಂತಿದ್ರಲ್ಲ, ನೀವೇ ಏನು? ಪಾಠದಾಗೆಲ್ಲ ನಿಮ್ಮ ಮಾತು ಬರ್ತಿತ್ರಿ." ಆಮೇಲೆ ದನಿ ಇಳಿಸಿದರು. "ಮೇಡಂ ಹೋದ ವರ್ಷ ತೀರಿಕೊಂಡ್ರು. ಗೊತ್ತಿಲ್ಲೇನ್ರಿ ನಿಮಗ?"

ಮೇಡಂ ನನಗಿಂತ ಎಷ್ಟು ಚಿಕ್ಕವರು. ಅವರು ಎಲ್ಲೋ ಇದ್ದಾರೆ, ಒಂದಲ್ಲ ಒಂದು ದಿನ ಹೋಗಿ ಹೇಳುತ್ತೇನೆ ಎಂಬ ನೆಪದ ಮೇಲೆ ಇಷ್ಟು ವರ್ಷ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ. ಆ ನೆಪ ಒಂದು ವರ್ಷದ ಹಿಂದೆಯೇ ಸತ್ತಿತ್ತು. ನನಗೆ ಸುದ್ದಿಯೂ ಇರಲಿಲ್ಲ.

"ನನ್ನ ಮಾತು ಅಂದ್ರೆ... ಏನು ಹೇಳ್ತಿದ್ರು ಸಾರ್?"

"ತಮ್ಮ ಕೈ ಚೊಕ್ಕ ಇತ್ತು, ಅಣ್ಣ ಪಕ್ಕದಾಗ ನಿಂತು ನೋಡ್ಯಾನ, ಆತ ಸುಳ್ಳು ಹೇಳಾಂವಲ್ಲ. ಅಂದ ಮ್ಯಾಲೆ ಜೆಲ್ ಒಂದೇ ಉಳೀತು ಅಂತಿದ್ರು. ಸೂಜಿ ಮಾತ್ರ ಹಿಡೀತಿರ್ಲಿಲ್ರಿ ಅವರು. ಪಕ್ಕದಾಗ ನಿಂತು ನಮ್ಮ ಕೈಲೆ ಮಾಡಸ್ತಿದ್ರು. ಕಡೀಕೂ ಆ ಜೆಲ್ಲಿನ ಮ್ಯಾಲಿನ ಸಿಟ್ಟು ಹೋಗ್ಲಿಲ್ಲ ಅವರಿಗೆ."

ನಾನು ಹೇಳಿದೆ. ಪಟ್ಟು, ಬೊಕ್ಕೆ, ಸ್ಪಿರಿಟ್, ಕಂದು ಔಷಧ, "ಸಾಫ್ ಐತಿ" ಎಂದದ್ದು, ಎಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಹೇಳಿ ಮುಗಿಸಿದೆ. ಬೈಯಲಿ ಎಂದು ಕಾದೆ. ಎದ್ದು ಹೋಗು ಎನ್ನಲಿ ಎಂದು ಕಾದೆ.

"ನಾವು ಎಷ್ಟು ಮಂದಿ..." ಎಂದರು ಕೊನೆಗೆ. "ಅವರ ಕೈಯಾಗ ಕಲತವ್ರು ಊರೂರಿಗೆ ಅದೀವ್ರಿ. ಎಲ್ಲಾರೂ ರೋಗಿಗೆ ತಣ್ಣಂದ ಹಚ್ಚತೀವಿ. ಹಚ್ಚುವಾಗೆಲ್ಲ ಅವರ ತಪ್ಪು ಅಂತ ಒಂದು ಸಲ ನೆನಸ್ತೀವಿ."

ಅವರು ಕೈ ತೊಳೆಯಲು ಹೋದರು. ನೀರು ಬಹಳ ಹೊತ್ತು ಹರಿಯಿತು. ಜೆಲ್ ಇನ್ನೂ ನನ್ನ ಭುಜದ ಮೇಲೆ ಇತ್ತು. ಮೈಯ ಕಾವಿಗೆ ಅದು ನಿಧಾನವಾಗಿ ಬೆಚ್ಚಗಾಗುತ್ತ ಬಂತು, ಮೇಡಂ ಪಾತ್ರೆಯಿಂದ ಎತ್ತಿ ಹಚ್ಚುತ್ತಿದ್ದಷ್ಟೇ ಬೆಚ್ಚಗೆ. ಡಾಕ್ಟರು ಮರಳಿ ಬಂದು ಅದನ್ನು ಒರೆಸಿ ತೆಗೆದರು. ಕಂದು ಔಷಧ ಹಚ್ಚಿದರು, ಹಸಿರು ಬಟ್ಟೆ ಹೊದಿಸಿದರು.

"ಅಲ್ಲಾಡಬ್ಯಾಡ್ರಿ," ಎಂದರು.

ಸೂಜಿ ಇಳಿಯುವಾಗ ಅಲ್ಲಾಡಬಾರದು. ಅಳುವವನ ಭುಜ ಅಲ್ಲಾಡುತ್ತದೆ. ಹೀಗಾಗಿ ನಾನು ಉಸಿರು ಹಿಡಿದೆ.